ಮಳೆಗಾಲದ ಮಣ್ಣು ಮತ್ತು ಒಂದು ಕಿಣ್ವಪರಂಪರೆ

ಆಟಿಯ ಮಳೆ ಹಿಡಿದುಕೊಂಡ ದಿನಗಳಲ್ಲಿ ಕುದ್ರೋಳಿಯಿಂದ ಅಳಕೆಯ ಕಡೆಗೋ ಬೊಕ್ಕಪಟ್ಣದ ಕಡೆಗೋ ಹೋಗುವ ತಗ್ಗಿನ ಹಾದಿಗಳಲ್ಲಿ, ತೋಡು ಉಕ್ಕಿ ಅಂಗಳಕ್ಕೇರಿದ ಕೆಸರುನೀರನ್ನು ಬಟ್ಟೆ ಎತ್ತಿಕಟ್ಟಿ ಬರಿಗಾಲಿನಲ್ಲಿ ದಾಟುವುದು ಇಲ್ಲಿಯವರಿಗೆ ಹೊಸದೇನೂ ಅಲ್ಲ. ಆದರೆ ನಮ್ಮ ಕರಾವಳಿಯ ಒದ್ದೆ ಮಣ್ಣಿನಲ್ಲಿ ಬರ್ಕೋಲ್ಡೇರಿಯ ಸ್ಯೂಡೋಮಾಲಿಐ ಎಂಬ ಬ್ಯಾಕ್ಟೀರಿಯವೊಂದು ನೆಲೆಸಿರುವುದುಂಟೆಂಬುದನ್ನೂ, ಕಾಲಿನ ಚಿಕ್ಕ ಗಾಯದ ಮೂಲಕವಾಗಲಿ ಉಸಿರಿನ ಮೂಲಕವಾಗಲಿ ಶರೀರವನ್ನು ಹೊಕ್ಕು ಅದು ಮೆಲಿಯಾಯ್ಡೋಸಿಸ್ ಎಂಬ ಘೋರವ್ಯಾಧಿಯನ್ನು ತರಬಲ್ಲುದೆಂಬುದನ್ನೂ ಬಲ್ಲವರು ವೈದ್ಯವೃಂದದ ಹೊರಗೆ ವಿರಳ. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬಿಬ್ಬರು ಈ ರೋಗದ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ್ದು 1912ರಲ್ಲಿ. ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದೂ ಅದೇ ವರ್ಷ. ಇವೆರಡಕ್ಕೂ ಸಂಬಂಧವಿಲ್ಲ, ಇಸವಿಯನ್ನು ನೆನಪಿಡಲು ಅನುಕೂಲವಾದೀತೆಂದು ಹೇಳಿದೆನಷ್ಟೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು ಅನೇಕ ವರ್ಷಗಳಿಂದ ದಾಖಲಿಸಿಕೊಂಡು ಬಂದಿರುವ ರೋಗಿಗಳಲ್ಲಿ ಹೆಚ್ಚಿನವರು ಮಳೆಗಾಲದಲ್ಲಿ ಹಾಸಿಗೆ ಹಿಡಿದವರು, ಹೆಚ್ಚಿನವರು ಮಧುಮೇಹಿಗಳು. ಬಿಡದ ಜ್ವರ, ಕೆಮ್ಮು, ಇಳಿಯುತ್ತಲೇ ಹೋಗುವ ತೂಕ, ಯಕೃತ್ತಿನಲ್ಲೋ ಪ್ಲೀಹದಲ್ಲೋ ಕೀವುಗಟ್ಟಿದ ಕುರು; ಕಂಡವರು ಕ್ಷಯವೆಂದು ಭ್ರಮಿಸುವುದು ಸಹಜ.

ಈ ಜೀವಾಣುವಿನ ಬತ್ತಳಿಕೆಯಲ್ಲಿರುವ ಅಸ್ತ್ರಗಳು ಹಲವು. ನಾನು ಹೇಳಹೊರಟಿರುವುದು ಅದರ ಕೆಲವು ತಳಿಗಳಲ್ಲಿ ಕಂಡುಬರುವ ಒಂದೇ ಒಂದು ಅಸ್ತ್ರವನ್ನು ಕುರಿತು. ಅದರ ಚಾತುರ್ಯವನ್ನು ಅರಿಯಬೇಕಾದರೆ ನಮ್ಮ ಜೀವಕೋಶದೊಳಗೆ ಒಂದು ಪ್ರೋಟೀನು ಇನ್ನೊಂದಕ್ಕೆ ಅಂಟುವ ಬಗೆಯನ್ನು ಮೊದಲು ಅರಿಯಬೇಕು. ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಸರಪಣಿಯಾಗಿ ಅಂಟಿಕೊಂಡ ಪ್ರೋಟೀನು ನಾಶಕ್ಕೆ ಗುರಿಯಾಗುತ್ತದೆಂದು ತೋರಿಸಿಕೊಟ್ಟದ್ದಕ್ಕಾಗಿ ಚೀಕನೋವರ್, ಹರ್ಷ್ಕೊ, ರೋಸ್ ಈ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಅದಕ್ಕೆ ಸುಮೋ, ನೆಡ್-8 ಮೊದಲಾದ ದಾಯಾದಿಗಳುಂಟು. ಸುಮೋವಿನ ಅಮೈನೋ ಆಮ್ಲಗಳ ಅನುಕ್ರಮವು ಯುಬಿಕ್ವಿಟಿನ್ನಿನದರೊಡನೆ ಐದರಲ್ಲೊಂದು ಪಾಲೂ ಹೊಂದುವುದಿಲ್ಲ. ಆದರೂ ಮಡಿಕೆ ಒಂದೇ. ನೆಡ್-8ರ ಹೋಲಿಕೆಯಾದರೋ ನೂರಕ್ಕೆ ಅರವತ್ತರ ಸಮೀಪ. ಇಷ್ಟೊಂದು ಹೋಲುವ ಇಬ್ಬರನ್ನು ಅದಲುಬದಲಾಗದಂತೆ ಅವರವರ ಎಡೆಗೆ ಮುಟ್ಟಿಸುವ ಹೊಣೆ ಇ-1, ಇ-2, ಇ-3 ಎಂದು ಕರೆಯಲ್ಪಡುವ ಕಿಣ್ವಗಳ ಪರಂಪರೆಯದು.

ನೆಡ್-8ರ ಇ-1 ಕಿಣ್ವವನ್ನೇ ತುಸು ಹತ್ತಿರದಿಂದ ನೋಡಬಹುದು. ಎನ್‌ಎಇ-1, ಯುಬಿಎ-3 ಎಂಬ ಎರಡು ಘಟಕಗಳು ಕೂಡಿ ಆದ ಕಿಣ್ವವಿದು. ಯುಬಿಎ-3ರ ಒಂದು ಕುಳಿಯಲ್ಲಿ ಎಟಿಪಿ ಕುಳಿತಿರಲು, ನೆಡ್-8 ತನ್ನ ಬಾಲವನ್ನು ಅಲ್ಲಿಗೆ ಚಾಚುತ್ತದೆ. ಪರೀಕ್ಷೆ ನಡೆಯುವುದು ಈ ಬಾಲದಲ್ಲಿಯೇ. 72ನೆಯ ಸ್ಥಾನದಲ್ಲಿ ನೆಡ್-8ಕ್ಕೆ ಇರುವುದು ಅಲನಿನ್, ಯುಬಿಕ್ವಿಟಿನ್ನಿಗೆ ಇರುವುದು ಧನವಿದ್ಯುದಂಶವುಳ್ಳ ಆರ್ಜಿನಿನ್; ಯುಬಿಎ-3ರ 190ನೆಯ ಸ್ಥಾನದಲ್ಲಿ ಕಾದು ನಿಂತಿರುವುದೂ ಆರ್ಜಿನಿನ್ನೇ ಆದುದರಿಂದ ಯುಬಿಕ್ವಿಟಿನ್ ಬಂದರೆ ಧನ ಧನವನ್ನು ವಿಕರ್ಷಿಸಿ ಅದಕ್ಕೆ ಎಡೆ ಸಿಕ್ಕದು. ಪರೀಕ್ಷೆಯಲ್ಲಿ ಗೆದ್ದ ನೆಡ್-8ರ ಬಾಲದ ತುದಿಯ ಗ್ಲೈಸಿನ್ ಮೊದಲು ಆ ಎಟಿಪಿಯ ತುಂಡಾದ ಎಎಂಪಿಯೊಡನೆ ಕೂಡಿ, ತರುವಾಯ ಆ ಸಂಗವನ್ನು ತೊರೆದು ಕಿಣ್ವದ ಸಿಸ್ಟೀನಿನ ಗಂಧಕವನ್ನು ಆಶ್ರಯಿಸುತ್ತದೆ. ಆಗ ಕಿಣ್ವದ ಒಂದು ಖಂಡವೇ ಸುಮಾರು 120 ಡಿಗ್ರಿಯಷ್ಟು ಹೊರಳಿ, ಅದುವರೆಗೆ ಮರೆಯಾಗಿದ್ದ ಸ್ಥಳವನ್ನು ಯುಬಿಸಿ-12 ಎಂಬ ಇ-2ಕ್ಕೆ ತೆರೆದುಕೊಡುತ್ತದೆ; ನೆಡ್-8 ಅದರ ಗಂಧಕಕ್ಕೆ ದಾಟಿದೊಡನೆ ಇ-2 ಅಲ್ಲಿಂದ ಕಳಚಿಕೊಳ್ಳುತ್ತದೆ. ಬಂದವನನ್ನು ಸ್ವೀಕರಿಸುವ ಸಮಯವನ್ನೂ ಬಿಡುವ ಸಮಯವನ್ನೂ ಆಕಾರವೇ ನಿರ್ಣಯಿಸುವ ಈ ವ್ಯವಸ್ಥೆ, ನನ್ನ ಮಟ್ಟಿಗೆ, ಇಡೀ ಪ್ರಸಂಗದ ಅತ್ಯಂತ ಸೊಗಸಾದ ಭಾಗ.

ಕೊನೆಯದಾಗಿ ಆರ್‌ಬಿಎಕ್ಸ್-1 ಎಂಬುದರ ನೆರವಿನಿಂದ ನೆಡ್-8 ಕಲಿನ್ ಎಂಬ ಉದ್ದನೆಯ ಪ್ರೋಟೀನಿನ ಲೈಸಿನ್ನಿಗೆ ಭದ್ರವಾಗಿ ಅಂಟುತ್ತದೆ. ಕಲಿನ್ ತಾನೇ ಯುಬಿಕ್ವಿಟಿನ್ ಅಂಟಿಸುವ ಇ-3 ಕಿಣ್ವಗಳ ಬೆನ್ನೆಲುಬು. ನಮ್ಮಲ್ಲಿ 600ಕ್ಕೂ ಮಿಕ್ಕಿದ ಇ-3ಗಳಿದ್ದು ಅವುಗಳಲ್ಲಿ ಅತಿ ದೊಡ್ಡ ಗುಂಪು ಇದೇ. ನೆಡ್-8 ಅಂಟಿದಾಗ ಕಲಿನ್ನಿನ ತುದಿ ಸಡಿಲವಾಗಿ ಆರ್‌ಬಿಎಕ್ಸ್-1 ಅತ್ತಿತ್ತ ಚಲಿಸಬಲ್ಲುದಾಗುತ್ತದೆ, ಯುಬಿಕ್ವಿಟಿನ್ ಗುರಿಯ ಸಮೀಪಕ್ಕೆ ಬರುತ್ತದೆ.

ಮಣ್ಣಿನ ಆ ಜೀವಾಣು ಕೈಯಾಡಿಸುವುದು ಇಲ್ಲಿ. ಅದರ ಸಿಎಚ್‌ಬಿಪಿ ಎಂಬ ಪ್ರೋಟೀನು ಯುಬಿಕ್ವಿಟಿನ್ ಮತ್ತು ನೆಡ್-8ಗಳ 40ನೆಯ ಸ್ಥಾನದ ಗ್ಲುಟಮಿನ್ನನ್ನು ಗ್ಲುಟಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆಂದು 2010ರಲ್ಲಿ ಬೀಜಿಂಗಿನ ಫೆಂಗ್ ಶಾವೊ ಅವರ ತಂಡ ಪ್ರಕಟಿಸಿತು. ಆಗುವ ವ್ಯತ್ಯಾಸವೆಂದರೆ ಸಾರಜನಕದ ಒಂದು ಪರಮಾಣು ಇದ್ದೆಡೆಯಲ್ಲಿ ಆಮ್ಲಜನಕದ ಒಂದು ಪರಮಾಣು, ಅದರ ಫಲವಾಗಿ ಒಂದು ಋಣವಿದ್ಯುದಂಶ, ಇಷ್ಟೇ. ಹೀಗೆ ಕೆಟ್ಟ ನೆಡ್-8ರ ಬಾಲ ಮೊದಲಿನಂತೆಯೇ ಇರುವುದರಿಂದ ಇ-1ಕ್ಕೆ ಸಂಶಯ ಹುಟ್ಟುವುದಿಲ್ಲ. ಇ-2 ಅದನ್ನು ಸ್ವೀಕರಿಸುತ್ತದೆ. ಕಲಿನ್ನಿಗೂ ಅದು ಕ್ರಮಪ್ರಕಾರ ಅಂಟುತ್ತದೆ. ಆದರೆ ಕಲಿನ್ನಿನ ಕಾರ್ಯ ಮಾತ್ರ ನಡೆಯದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ರಣಬೀರ್ ದಾಸ್ ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಾರ್ಪಾಡಿನಿಂದ ಕಲಿನ್ ಕಿಣ್ವದ ಸಂಚಲನವೇ ಕುಗ್ಗುತ್ತದೆಂದು ತೋರಿಸಿತು: ಬೊಕ್ಕಪಟ್ಣದ ದೋಣಿಯೊಂದರ ಹುಟ್ಟನ್ನು ಕದಿಯದೆ, ಮುರಿಯದೆ, ದೋಣಿಯ ಬದಿಗೇ ಬಿಗಿದುಕಟ್ಟಿ ಹೋದಂತೆ. ರಕ್ತಭೇದಿಯ ಶಿಗೆಲ್ಲ ಜೀವಾಣುವೂ ಯುಬಿಸಿ-13 ಎಂಬ ಇ-2ರ 100ನೆಯ ಗ್ಲುಟಮಿನ್ನಿನ ಮೇಲೆ ಇದೇ ತಂತ್ರವನ್ನು ಪ್ರಯೋಗಿಸುತ್ತದೆಂಬುದು ಗೊತ್ತಿದ್ದ ಸಂಗತಿ. ಅದು ಇ-3ರೊಡನೆ ಆ ಕಿಣ್ವದ ಬೆಸುಗೆಯನ್ನು ಸಡಿಲಿಸುವ ಬಗೆಯನ್ನು ಇದೇ ಕೇಂದ್ರದವರು 2019ರಲ್ಲಿ ವಿವರಿಸಿದ್ದರು.

ನೆಡ್-8ರ ಪರಂಪರೆಯನ್ನು ತಡೆಯಲು ಮನುಷ್ಯನೂ ಯತ್ನಿಸಿದ್ದಾನೆ. 2009ರಲ್ಲಿ ಪ್ರಕಟವಾದ, ಮುಂದೆ ಪೆವೊನೆಡಿಸ್ಟಾಟ್ ಎಂದು ಹೆಸರಾದ ಔಷಧಿ ಇ-1ರ ಕುಳಿಯಲ್ಲಿಯೇ ನೆಡ್-8ಕ್ಕೆ ಅಂಟಿಕೊಂಡು ಪರಂಪರೆಯನ್ನು ಮೊದಲ ಹೆಜ್ಜೆಯಲ್ಲೇ ನಿಲ್ಲಿಸುತ್ತದೆ. ಅದನ್ನು ಅರ್ಬುದರೋಗದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಜೀವಾಣು ಮೂರು ಹೆಜ್ಜೆಗಳನ್ನೂ ಸಾಂಗವಾಗಿ ನಡೆಯಗೊಟ್ಟು ಫಲವನ್ನು ಮಾತ್ರ ಅಪಹರಿಸುತ್ತದೆ. ಕಪಟದಲ್ಲಿ ಮೇಲು ಯಾವುದೆಂದು ಕೇಳಿದರೆ ನಾನು ಜೀವಾಣುವಿನ ಪಕ್ಷ.

ಇಷ್ಟನ್ನು ತಿಳಿದುದರಿಂದ ರೋಗಿಯ ಔಷಧದ ಚೀಟಿ ಸದ್ಯಕ್ಕೆ ಬದಲಾಗಿಲ್ಲ. ಸೆಫ್ಟಾಜಿಡೀಮನ್ನೋ ಮೆರೊಪೆನೆಮನ್ನೋ ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಕೊಟ್ಟು, ಅನಂತರ ಕೊಟ್ರೈಮಾಕ್ಸಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಡದೆ ನುಂಗಿಸಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸುವ ಭಯವುಂಟು. ಅದಕ್ಕೂ ಮೊದಲು ರೋಗ ಇದೇ ಎಂದು ಗೊತ್ತಾಗಬೇಕು. ರಕ್ತವನ್ನೋ ಕೀವನ್ನೋ ಆಶ್‌ಡೌನ್ ಮಾಧ್ಯಮದ ತಟ್ಟೆಯಲ್ಲಿ ಬಿತ್ತಿದರೆ ಕೆಲವು ದಿನಗಳಲ್ಲಿ ನೇರಳೆ ಬಣ್ಣದ, ಒಣಗಿ ಸುಕ್ಕುಗಟ್ಟಿದ ಚುಕ್ಕೆಗಳು ಏಳುತ್ತವೆ. ಅವನ್ನು ಎಲ್ಲಿಂದಲೋ ಬಂದು ಬಿದ್ದ ಕಲ್ಮಷವೆಂದು ತಟ್ಟೆಯನ್ನು ಎಸೆದುಬಿಡದಿರುವಷ್ಟು ಅನುಮಾನ ಪ್ರಯೋಗಶಾಲೆಯವರಿಗೆ, ಮಳೆಗಾಲದಲ್ಲಿಯಾದರೂ, ಇರತಕ್ಕದ್ದು.