ಗಡಿ ಸರಿದರೂ ಉಳಿದ ನಾಡುಗಳು

ಸ್ವೀಡನ್ ಎಂದೊಡನೆ ನಮ್ಮ ಸಾಹಿತ್ಯಾಸಕ್ತರಿಗೆ ನೊಬೆಲ್ ಪಾರಿತೋಷಕದ ನೆನಪಾಗುತ್ತದೆ. 1909ರಲ್ಲಿ ಅದನ್ನು ಪಡೆದ ಸೆಲ್ಮಾ ಲಾಗರ್‌ಲೋಫ್ ಅದಕ್ಕೆ ಮೊದಲೇ, 1906-07ರಲ್ಲಿ, ಶಾಲಾಮಕ್ಕಳ ಭೂಗೋಳ ಪಾಠಕ್ಕೆಂದು ಒಂದು ಕಥೆಯನ್ನು ಬರೆದಿದ್ದರು. ನಿಲ್ಸ್ ಎಂಬ ತುಂಟ ಹುಡುಗ ಹೆಬ್ಬೆರಳ ಗಾತ್ರದವನಾಗಿ, ಹೆಬ್ಬಾತಿನ ಬೆನ್ನೇರಿ ದೇಶ ಸುತ್ತುವ ಕಥೆ ಅದು. ಅವನು ಕೆಳಗೆ ಕಾಣುವುದು ಸ್ಕೋನೆ, ಸ್ಮೋಲಾಂಡ್ ಮೊದಲಾದ ಹಳೆಯ ನಾಡುಗಳನ್ನು. ಅವುಗಳ ಆಡಳಿತ 1634ರಲ್ಲಿಯೇ ಜಿಲ್ಲೆಗಳಿಗೆ ಸಂದಿತ್ತು. ಅಧಿಕಾರ ಹೋಗಿ ಪೌನೆಮೂರು ಶತಮಾನ ಕಳೆದರೂ ಹೆಸರು ಅಳಿದಿರಲಿಲ್ಲ. ಇಂದಿಗೂ ಇಂಥ 25 ನಾಡುಗಳು ಜನರ ಮಾತಿನಲ್ಲಿ ಬದುಕಿವೆ.

ಈ ನಾಡುಗಳು ಮೂರು ಮಹಾಪ್ರಾಂತಗಳಲ್ಲಿ ಹಂಚಿಹೋಗಿವೆ. ದಕ್ಷಿಣದಲ್ಲಿ ಯೋತಾಲಾಂಡ್, ನಡುವೆ ಸ್ವೆಯಾಲಾಂಡ್, ಉತ್ತರದಲ್ಲಿ, ದೇಶದ ಅರ್ಧಕ್ಕೂ ಮಿಗಿಲಾದ ನೆಲವನ್ನು ಆವರಿಸಿರುವ ನೂರ್‌ಲಾಂಡ್. ಮೊದಲೆರಡು ಯೋತರು, ಸ್ವೆಯರು ಎಂಬ ಪ್ರಾಚೀನ ಜನಾಂಗಗಳ ಹೆಸರನ್ನು ಹೊತ್ತಿವೆ. 1809ರವರೆಗೆ ನಾಲ್ಕನೆಯದೊಂದಿತ್ತು: ಸಮುದ್ರದಾಚೆಯ ಪೂರ್ವನಾಡು, ಅಂದರೆ ಇಂದಿನ ಫಿನ್ಲೆಂಡ್.

ಈ ಪ್ರಾಂತಗಳ ಅಂಚುಗಳು ಯುದ್ಧಗಳೊಡನೆ ಸರಿಯುತ್ತಲೇ ಬಂದವು. ಯೆಮ್ಟ್‌ಲಾಂಡ್ ನಾಡು ನಾರ್ವೆಯ ದೊರೆತನಕ್ಕೆ ಸೇರಿದ್ದರೂ ಧರ್ಮವಿಚಾರದಲ್ಲಿ ಬಹುಕಾಲ ಸ್ವೀಡನ್ನಿನ ಉಪ್ಸಾಲ ಪೀಠಕ್ಕೆ ಅಧೀನವಾಗಿತ್ತು. 1645ರ ಒಪ್ಪಂದ ಅದನ್ನು ಸ್ವೀಡನ್ನಿಗೆ ಕೊಟ್ಟಿತು. 1658ರ ಚಳಿಗಾಲದಲ್ಲಿ ಹತ್ತನೆಯ ಕಾರ್ಲ್ ಗುಸ್ತಾವ್ ದೊರೆ ಹೆಪ್ಪುಗಟ್ಟಿದ ಕಡಲ ಮೇಲೆ ಸೇನೆಯನ್ನು ನಡೆಸಿ ಡೆನ್ಮಾರ್ಕಿನ ಅರಸನನ್ನು ಮಣಿಸಿದನು. ಸ್ಕೋನೆ, ಬ್ಲೇಕಿಂಗೆ, ಹಾಲಂಡ್ ನಾಡುಗಳು ಹೀಗೆ ಸ್ವೀಡನ್ನಿನವಾದವು.

ನೆಲವನ್ನು ಗೆದ್ದಮಾತ್ರಕ್ಕೆ ನಾಲಗೆಯನ್ನು ಗೆದ್ದಂತಾಗುವುದಿಲ್ಲ. ಇದನ್ನರಿತ ಪ್ರಭುತ್ವ 1666ರಲ್ಲಿ ಸ್ಕೋನೆಯ ಲುಂಡ್ ನಗರದಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಕ್ರಮೇಣ ಇಗರ್ಜಿಯಲ್ಲಿಯೂ ಶಾಲೆಯಲ್ಲಿಯೂ ಸ್ವೀಡಿಷ್ ನೆಲೆಗೊಂಡಿತು. ಲಾಗರ್‌ಲೋಫರ ನಿಲ್ಸ್ ಇದೇ ಸ್ಕೋನೆಯ ಹುಡುಗ. ಎರಡೂವರೆ ಶತಮಾನ ಕಳೆಯುವಷ್ಟರಲ್ಲಿ, ಡೆನ್ಮಾರ್ಕಿನಿಂದ ಗೆದ್ದ ನಾಡಿನ ಬಾಲಕನೇ ಸ್ವೀಡನ್ನಿನ ಮಕ್ಕಳಿಗೆಲ್ಲ ತಾಯ್ನಾಡನ್ನು ತೋರಿಸುವವನಾದನು.

ಪೂರ್ವದಲ್ಲಿ ನಡೆದುದು ಬೇರೆ. 1808ರಲ್ಲಿ ರಷ್ಯಾ ದಂಡೆತ್ತಿ ಬಂದಿತು. ಮರುವರ್ಷದ ಒಪ್ಪಂದದಲ್ಲಿ ಫಿನ್ಲೆಂಡ್ ಸ್ವೀಡನ್ನಿನ ಕೈಬಿಟ್ಟಿತು. ಆಗ ರೂನೆಬರ್ಗ್ ಐದು ವರ್ಷದ ಬಾಲಕ. ಮುಂದೆ ಅವನು ಆ ಸೋಲಿನ ಯುದ್ಧವನ್ನೇ ವಸ್ತುವಾಗಿಸಿಕೊಂಡು ಸ್ವೀಡಿಷ್ ಭಾಷೆಯಲ್ಲಿ ಕಾವ್ಯ ರಚಿಸಿದನು. ಅದರ ಮೊದಲ ಕವಿತೆ ಫಿನ್ಲೆಂಡಿನ ರಾಷ್ಟ್ರಗೀತೆಯಾಯಿತು. ರಾಜ್ಯ ಹಿಂದೆಗೆದರೂ ಅದರ ಭಾಷೆ ಅಲ್ಲಿಯೇ ಉಳಿಯಿತು. ಇಂದಿಗೂ ಸ್ವೀಡಿಷ್ ಅಲ್ಲಿನ ಎರಡು ರಾಷ್ಟ್ರಭಾಷೆಗಳಲ್ಲೊಂದು.

ಅದೇ ಒಪ್ಪಂದ ಉತ್ತರದಲ್ಲಿ ಟೋರ್ನೆ ನದಿಯನ್ನು ಗಡಿಯಾಗಿಸಿತು. ಎರಡೂ ದಡಗಳಲ್ಲಿದ್ದ ಫಿನ್ನಿಷ್ ಮಾತಿನ ಜನ ಎರಡು ರಾಜ್ಯಗಳ ಪಾಲಾದರು. ಸ್ವೀಡನ್ನಿನ ದಡದ ಮಕ್ಕಳಿಗೆ ಶಾಲೆಯಲ್ಲಿ ಮನೆಮಾತನ್ನಾಡುವುದೇ ನಿಷಿದ್ಧವಾದ ಕಾಲವೂ ಬಂದಿತು. ಆ ನುಡಿ, ಮೆಯನ್‌ಕಿಯೆಲಿ, ಅಲ್ಪಸಂಖ್ಯಾತರ ಭಾಷೆಯೆಂಬ ಮನ್ನಣೆಯನ್ನು ಪಡೆದುದು 2000ದಲ್ಲಿ. 'ನಮ್ಮ ಭಾಷೆ' ಎಂಬುದೇ ಆ ಹೆಸರಿನ ಅರ್ಥ.

ಸ್ಕೋನೆಯಲ್ಲಿ ಗಡಿಯ ಹಿಂದೆ ಭಾಷೆ ನಡೆಯಿತು. ಫಿನ್ಲೆಂಡಿನಲ್ಲಿ ಗಡಿ ಹೋದರೂ ಭಾಷೆ ನಿಂತಿತು. ಟೋರ್ನೆಯ ದಡದಲ್ಲಿ ಗಡಿ ಭಾಷೆಯನ್ನೇ ಸೀಳಿತು. ಭೂಪಟದ ಗೆರೆ ಒಂದು ದಿನದಲ್ಲಿ ಬದಲಾದೀತು. ಆ ಗೆರೆಯ ಅರ್ಥ ಇತ್ಯರ್ಥವಾಗುವುದು ಮಾತ್ರ ಮಕ್ಕಳು ಕಲಿಯುವ ಮಾತಿನಲ್ಲಿ, ತಲೆಮಾರುಗಳ ಅವಧಿಯಲ್ಲಿ.