ಲವಂಗದ ಎಣ್ಣೆಯಿಂದ ಹೊಟ್ಟೆಹುಣ್ಣು ಮಾಯುತ್ತದೆಯೇ?

ಊಟವಾದ ಮೇಲೆ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುವುದು, ಹೊಟ್ಟೆ ಉಬ್ಬರಿಸಿದಾಗ ಚಿಟಿಕೆ ಓಮ ಅಗಿಯುವುದು ನಮ್ಮ ಮನೆಗಳ ಹಳೆಯ ರೂಢಿ. ಅದರ ಬಗ್ಗೆ ತಕರಾರಿಲ್ಲ. ಆದರೆ ‘ಲವಂಗದ ಎಣ್ಣೆ ಕುಡಿದರೆ ಅಲ್ಸರ್ ವಾಸಿಯಾಗುತ್ತದೆ, ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ’ ಎಂಬ ಮಾತನ್ನು ನಂಬಿ ಚಿಕಿತ್ಸೆ ಮುಂದೂಡುವವರನ್ನು ಕಂಡಾಗ ಸುಮ್ಮನಿರಲಾಗದು.

ವಿಜ್ಞಾನಿಗಳು ನಿಜಕ್ಕೂ ಕಂಡದ್ದೇನು? ಲವಂಗದ ಯೂಜಿನಾಲ್, ನಿಂಬೆ–ಕಿತ್ತಳೆ ಸಿಪ್ಪೆಯ ಲಿಮೊನೀನ್ ಮೊದಲಾದ ಸಂಯುಕ್ತಗಳ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ, ಬ್ರೆಜಿಲ್‌ನಲ್ಲಂತೂ ವಿಶೇಷವಾಗಿ. ಇಂಥ ಪ್ರಯೋಗಗಳಲ್ಲಿ ಹೆಚ್ಚಿನವು ನಡೆಯುವ ರೀತಿ ಹೀಗೆ: ಉಪವಾಸವಿಟ್ಟ ಇಲಿಗೆ ಮೊದಲು ಆ ಸಂಯುಕ್ತ ಕೊಡುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ಹೊಟ್ಟೆಯನ್ನು ಸುಡುವಂಥ ಆಲ್ಕೋಹಾಲನ್ನೋ ಇಂಡೊಮೆಥಾಸಿನ್‌ನಂಥ ನೋವಿನ ಔಷಧವನ್ನೋ ಕೊಟ್ಟು, ಜಠರದಲ್ಲಾದ ಗಾಯ ಅಳೆಯುತ್ತಾರೆ. ಸಂಯುಕ್ತ ಪಡೆದ ಇಲಿಗಳಲ್ಲಿ ಗಾಯ ಕಡಿಮೆ. ಇದು ಸುಳ್ಳಲ್ಲ, ಭರವಸೆಯ ಸುದ್ದಿಯೇ. ಆದರೆ ಇಲ್ಲಿ ಔಷಧ ಮೊದಲು, ಗಾಯ ಆಮೇಲೆ. ತಿಂಗಳುಗಟ್ಟಲೆ ಇರುವ ಹುಣ್ಣನ್ನು ಹೊತ್ತು ಬಂದ ಮನುಷ್ಯನ ಕಥೆ ಬೇರೆ. ವೈದ್ಯರು ಅನುಸರಿಸುವ ಅಲ್ಸರ್ ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಸುಗಂಧ ತೈಲಗಳಿಗೆ ಜಾಗವಿಲ್ಲದಿರುವುದು ಇದೇ ಕಾರಣಕ್ಕೆ.

ಈ ಎಣ್ಣೆಗಳು ಆಸಿಡ್ ಕಡಿಮೆ ಮಾಡುತ್ತವೆ ಎಂಬುದು ಇನ್ನೊಂದು ನಂಬಿಕೆ. ಲಿಮೊನೀನ್ ವಿಷಯದಲ್ಲಿ ಕಂಡದ್ದು ಬೇರೆಯೇ: ಆಮ್ಲದ ಸ್ರಾವಕ್ಕೆ ಅದು ಕೈಹಾಕಲಿಲ್ಲ, ಜಠರದ ಒಳಗೋಡೆಯನ್ನು ಕಾಯುವ ಲೋಳೆಯನ್ನು ಹೆಚ್ಚಿಸಿತು. ನನಗೆ ಇದೇ ಹೆಚ್ಚು ಕುತೂಹಲದ ಸಂಗತಿ. ಹೊಟ್ಟೆಯಲ್ಲಿ ಆಮ್ಲ ಇರಲೇಬೇಕು. ಅದನ್ನು ತಡೆದುಕೊಳ್ಳುವ ಲೋಳೆ, ರಕ್ತಸಂಚಾರ, ಪ್ರೊಸ್ಟಗ್ಲಾಂಡಿನ್ ಎಂಬ ರಕ್ಷಕ ರಾಸಾಯನಿಕಗಳು ಸೋತಾಗ ಹುಣ್ಣಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಔಷಧಗಳು ಕೆಡಿಸುವುದು ಈ ಪ್ರೊಸ್ಟಗ್ಲಾಂಡಿನ್ ರಕ್ಷಣೆಯನ್ನೇ. ರಕ್ತದ ಮೂಲಕವೂ ಕೆಡಿಸುವುದರಿಂದ, ಮಾತ್ರೆಯ ಬದಲು ಇಂಜೆಕ್ಷನ್ ತೆಗೆದುಕೊಂಡರೂ ಹೊಟ್ಟೆ ಪೂರ್ತಿ ಪಾರಾಗದು. ಮಂಡಿನೋವಿಗೆಂದು ದಿನವೂ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾ, ಜೊತೆಗೆ ಲವಂಗ ಅಗಿದರೆ ಸರಿಹೋಗುತ್ತದೆ ಎನ್ನುವುದು ಬರಿಯ ಆಸೆ.

ಖಾರ, ಚಿಂತೆಗಳೇ ಅಲ್ಸರ್‌ಗೆ ಮೂಲ ಎಂಬ ನಂಬಿಕೆಯೂ ಬಲವಾಗಿದೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1980ರ ದಶಕದಲ್ಲಿ ಬೆರಳು ತೋರಿಸಿದ್ದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದತ್ತ. ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

‘ಹಾಗಾದರೆ ಆ ಬ್ಯಾಕ್ಟೀರಿಯಾವನ್ನೇ ಚಕ್ಕೆ, ಲವಂಗ ಕೊಲ್ಲುತ್ತವಲ್ಲ?’ ಗಾಜಿನ ತಟ್ಟೆಯಲ್ಲಿ ಕೊಲ್ಲಬಹುದು. ಜಠರದಲ್ಲಿ ಅದು ಲೋಳೆಯೊಳಗೆ ಅಡಗಿರುತ್ತದೆ. ಇಸ್ರೇಲ್‌ನಲ್ಲಿ ಚಕ್ಕೆಯ ಸಾರವನ್ನು ದಿನಕ್ಕೆ 80 ಮಿಲಿಗ್ರಾಂನಂತೆ ನಾಲ್ಕು ವಾರ ರೋಗಿಗಳಿಗೆ ಕೊಟ್ಟು ನೋಡಿದರು. 2000ರಲ್ಲಿ ಪ್ರಕಟವಾದ ಆ ಸಣ್ಣ ಅಧ್ಯಯನದಲ್ಲಿ ಸೋಂಕು ತೊಲಗಲಿಲ್ಲ. ಆಮ್ಲ ತಗ್ಗಿಸುವ ಔಷಧ ಮತ್ತು ಆಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ ಎರಡು ವಾರ ಬಿಡದೆ ತೆಗೆದುಕೊಂಡರೆ ಹೆಚ್ಚಿನವರಲ್ಲಿ ಅದು ಹೋಗುತ್ತದೆ.

ಸಹಜವಾದದ್ದು ಹಾನಿ ಮಾಡದು ಎಂಬ ಮಾತನ್ನಂತೂ ನಂಬಲೇಬೇಡಿ. ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್; ಸಾರಿಗೆ ಹಾಕುವ ಎರಡು ಲವಂಗಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. 5ರಿಂದ 10 ಮಿಲಿಲೀಟರ್ ಕುಡಿದ ಎರಡು ವರ್ಷದ ಮಗು ಪ್ರಜ್ಞೆ ತಪ್ಪಿ, ಯಕೃತ್ತಿಗೆ ಪೆಟ್ಟಾದದ್ದು ವೈದ್ಯಕೀಯ ದಾಖಲೆಯಲ್ಲಿದೆ. ನೀಲಗಿರಿ ತೈಲವೂ ಮಕ್ಕಳ ಹೊಟ್ಟೆಗೆ ಹೋದರೆ ವಿಷವೇ. ಪುದೀನಾ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಅನ್ನನಾಳದ ಕೆಳತುದಿಯ ಬಿಗಿತ ಸಡಿಲಿಸುವುದರಿಂದ ಎದೆಯುರಿ ಹೆಚ್ಚಾಗಲೂಬಹುದು.

ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ಪುಡಿ ಕಂಡರೆ, ಹುಣ್ಣು ರಕ್ತ ಸುರಿಸುತ್ತಿರಬಹುದು. ಆಗ ಯಾವ ಮನೆಮದ್ದಿಗೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.