ತಪ್ಪು ಪಾರಿವಾಳಗಳದ್ದಾಗಿರಲಿಲ್ಲ

ಮನೆಯ ಮಾಡಿನ ಮೇಲೆ ಆಂಟೆನಾ ಇದ್ದ ಕಾಲದ ಟಿ.ವಿ. ನಿಮಗೆ ನೆನಪಿರಬಹುದು. ಚಾನೆಲ್ ಸಿಗದಿದ್ದಾಗ ಪರದೆಯ ತುಂಬ ಕಪ್ಪು-ಬಿಳಿ ಚುಕ್ಕೆಗಳು ಕುಣಿಯುತ್ತಿದ್ದವು. ನಾವು ಬೇಸರದಿಂದ ಟಿ.ವಿ. ಆರಿಸಿಬಿಡುತ್ತಿದ್ದೆವು. ಆ ಚುಕ್ಕೆಗಳಲ್ಲಿ ಸುಮಾರು ನೂರಕ್ಕೊಂದು ಪಾಲು ವಿಶ್ವದ ಬಾಲ್ಯದಿಂದ ಬಂದದ್ದೆಂದು ಯಾರಿಗೆ ಗೊತ್ತಿತ್ತು?

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿಗಳಿಗೂ ಇಂತಹದೇ ಒಂದು ಸದ್ದು ಕಾಟ ಕೊಟ್ಟಿತು. ಬೆಲ್ ಪ್ರಯೋಗಾಲಯದ ದೊಡ್ಡ ಕೊಂಬಿನಾಕಾರದ ಆಂಟೆನಾವನ್ನು ಎತ್ತ ತಿರುಗಿಸಿದರೂ, ಹಗಲಿರಲಿ ಇರುಳಿರಲಿ, ಸದ್ದು ಒಂದೇ ಸಮನೆ ಬರುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಮೇಲೆ ಸಂಶಯ ಬಂತು. ಅವುಗಳನ್ನು ಹೊರಹಾಕಿ, ಹಿಕ್ಕೆಯನ್ನು ತೊಳೆದರು. ಸದ್ದು ಮಾತ್ರ ನಿಲ್ಲಲಿಲ್ಲ. ಸಮೀಪದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ತಂಡವೊಂದು ಇಂತಹ ಕಿರಣವನ್ನೇ ಹುಡುಕಲು ಸಿದ್ಧತೆ ನಡೆಸಿತ್ತು. ಆ ತಂಡದೊಂದಿಗೆ ಮಾತನಾಡಿದಾಗ ಗುಟ್ಟು ಬಯಲಾಯಿತು. 1978ರಲ್ಲಿ ಇವರಿಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ಹಳೆಯ ಬೆಳಕು

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಆರಂಭದಲ್ಲಿ ಅದು ಬೆಳಕು ನೇರವಾಗಿ ಸಾಗಲಾರದಷ್ಟು ಬಿಸಿಯಾಗಿ, ದಟ್ಟವಾಗಿತ್ತು. ಸುಮಾರು 3,80,000 ವರ್ಷಗಳ ಬಳಿಕ ತಣ್ಣಗಾಗಿ ಪರಮಾಣುಗಳು ರೂಪುಗೊಂಡವು. ಮಂಜು ಸರಿದಂತೆ ಬೆಳಕಿಗೆ ದಾರಿ ತೆರೆಯಿತು. ಅಂದು ಹೊರಟ ಬೆಳಕಿನ ಅಲೆಗಳು ವಿಶ್ವದ ಜೊತೆ ತಾವೂ ಹಿಗ್ಗಿ ಇಂದು ಮೈಕ್ರೋವೇವ್ ಅಲೆಗಳಾಗಿವೆ. ಅದರ ಉಷ್ಣತೆ ಈಗ ಸೊನ್ನೆಗಿಂತ ಸುಮಾರು 270 ಡಿಗ್ರಿ ಸೆಲ್ಸಿಯಸ್ ಕೆಳಗೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಎಲ್ಲವೂ ಎಲ್ಲೆಡೆ ಒಂದೇ ಸಮನಾಗಿದ್ದರೆ ನಕ್ಷತ್ರಗಳು ಹುಟ್ಟಿದ್ದು ಹೇಗೆ? 1989ರಲ್ಲಿ ಹಾರಿದ ಕೋಬ್ ಉಪಗ್ರಹ ಇದಕ್ಕೆ ಸುಳಿವು ಕೊಟ್ಟಿತು. ಈ ಬೆಳಕಿನ ಉಷ್ಣತೆಯಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ಏರಿಳಿತವಿದೆ ಎಂದು 1992ರಲ್ಲಿ ಪ್ರಕಟವಾಯಿತು. ಸ್ವಲ್ಪ ಹೆಚ್ಚು ದಟ್ಟವಾಗಿದ್ದ ಕಡೆ ಗುರುತ್ವವು ಇನ್ನಷ್ಟು ದ್ರವ್ಯವನ್ನು ಸೆಳೆಯಿತು. ಅಲ್ಲೇ ಕಾಲಕ್ರಮೇಣ ನಕ್ಷತ್ರಪುಂಜಗಳು ಮೂಡಿದವು.

ಈ ಏರಿಳಿತ ಎಲ್ಲಿಂದ ಬಂತು? ಕ್ವಾಂಟಮ್ ವಿಜ್ಞಾನದ ಪ್ರಕಾರ ಬರಿದಾದ ಜಾಗವೂ ಪೂರ್ತಿ ನಿಶ್ಚಲವಲ್ಲ. ಅಲ್ಲಿ ಅತಿ ಸೂಕ್ಷ್ಮ ಕಂಪನಗಳು ಸದಾ ಇರುತ್ತವೆ. ವಿಶ್ವವು ಮೊದಲ ಕ್ಷಣದಲ್ಲಿ ಹಠಾತ್ತಾಗಿ ಹಿಗ್ಗಿದಾಗ, ಊದದ ಬಲೂನಿನ ಮೇಲಿನ ಚುಕ್ಕೆ ಊದಿದಾಗ ದೊಡ್ಡದಾಗುವಂತೆ, ಈ ಕಂಪನಗಳೂ ದೊಡ್ಡದಾದವು ಎಂದು ಹೇಳಲಾಗುತ್ತದೆ. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹದ ನಕ್ಷೆ ಈ ವಿವರಣೆಗೆ ಚೆನ್ನಾಗಿ ಹೊಂದುತ್ತದೆ.

ಆತುರದ ಬೆಲೆ

2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡವು ಆ ಹಠಾತ್ ಹಿಗ್ಗುವಿಕೆಯ ಗುರುತು ಸಿಕ್ಕಿತೆಂದು ಘೋಷಿಸಿತು. ಜಗತ್ತಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. 2015ರಲ್ಲಿ ಪ್ಲಾಂಕ್ ತಂಡದೊಂದಿಗೆ ಕೂಡಿ ಪರೀಕ್ಷಿಸಿದಾಗ, ಆ ಗುರುತನ್ನು ನಮ್ಮದೇ ನಕ್ಷತ್ರಪುಂಜದ ಧೂಳಿನಿಂದ ಬೇರ್ಪಡಿಸಲಾಗದೆಂದು ತಿಳಿಯಿತು. ತಂಡವು ಅದನ್ನು ಮುಚ್ಚಿಡದೆ ಒಪ್ಪಿಕೊಂಡಿತು. ಹುಡುಕಾಟ ಮುಂದುವರಿದಿದೆ.

ಅಂದು ನಿಜವಾದ ಸಂದೇಶವನ್ನು ಹಿಕ್ಕೆಯ ದೋಷವೆಂದು ಶಂಕಿಸಿದ್ದರು. ಇಲ್ಲಿ ಧೂಳನ್ನೇ ಸಂದೇಶವೆಂದು ನಂಬಿದರು. ಎರಡು ಸಲವೂ ದಾರಿ ತೋರಿಸಿದ್ದು ತಾಳ್ಮೆಯ ಪರಿಶೀಲನೆ. ಕೇಳಿದ ಸುದ್ದಿಯನ್ನು ಕೇಳಿದ ಕೂಡಲೇ ನೆರೆಮನೆಗೆ ದಾಟಿಸುವ ನಮಗೂ, ನಮ್ಮ ಮಕ್ಕಳಿಗೂ ಇದರಲ್ಲಿ ಪಾಠವಿದೆ.